ಒಂದು ರಾತ್ರಿಗೆ 2.8 ಟೆರಾಬೈಟ್: ಸೂಕ್ಷ್ಮದರ್ಶಕದ ಚಿತ್ರಗಳನ್ನು ಎಲ್ಲಿಡುವುದು, ಎಷ್ಟು ಕುಗ್ಗಿಸುವುದು?

ಮೀನುಮರಿ
ಸೋಮವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಜೀಬ್ರಾಮೀನಿನ ಭ್ರೂಣ ಬೆಳೆಯುವುದನ್ನು ಚಿತ್ರೀಕರಿಸುತ್ತೇನೆ. ಲೈಟ್‌ಶೀಟ್ ಸೂಕ್ಷ್ಮದರ್ಶಕ ನಮ್ಮದು. ಬೆಳಕಿನ ತೆಳು ಹಾಳೆಯೊಂದನ್ನು ಭ್ರೂಣದ ಮೈಯಲ್ಲಿ ಹಾಯಿಸುತ್ತಾ ಪದರ ಪದರವಾಗಿ ಚಿತ್ರ ತೆಗೆಯುತ್ತದೆ.

ಲೆಕ್ಕ ಹೀಗಿದೆ. ಒಂದು ಚಿತ್ರ 2048 × 2048 ಪಿಕ್ಸೆಲ್, ಪಿಕ್ಸೆಲ್ಲಿಗೆ 2 ಬೈಟ್, ಅಂದರೆ ಸುಮಾರು 8.4 ಮೆಗಾಬೈಟ್. ಒಂದು ಸುತ್ತಿಗೆ 400 ಪದರ, ಎರಡು ಬಣ್ಣ, ಎರಡು ನಿಮಿಷಕ್ಕೊಂದು ಸುತ್ತು. ಸಂಜೆ ಆರಕ್ಕೆ ಶುರುಮಾಡಿದರೆ ಬೆಳಗ್ಗೆ ಎಂಟರ ಹೊತ್ತಿಗೆ 2.8 ಟೆರಾಬೈಟ್. ನಮ್ಮ ಸರ್ವರಿನಲ್ಲಿರುವುದು 180 ಟೆರಾಬೈಟ್ ಜಾಗ. ನಿನ್ನೆಗೆ ಅದರಲ್ಲಿ 169 ತುಂಬಿದೆ. ಇನ್ನು ನಾಲ್ಕು ರಾತ್ರಿಗೂ ಸಾಲದು.

ಒಂದು ರಾತ್ರಿಯ ಕಡತಗಳನ್ನು ಜಿಜಿಪ್ ಎಂಬ ಕುಗ್ಗಿಸುವ ತಂತ್ರಾಂಶಕ್ಕೆ ಕೊಟ್ಟು ನೋಡಿದೆ. ನೂರಕ್ಕೆ 58ರಷ್ಟಾಯಿತು. ಆದರೆ ಹಿಡಿದದ್ದು 19 ಗಂಟೆ. ಚಿತ್ರ ತೆಗೆಯಲು ಹದಿನಾಲ್ಕು, ಕುಗ್ಗಿಸಲು ಹತ್ತೊಂಬತ್ತು! ಹೊಸ ಡಿಸ್ಕಿಗೆ ಮುಂದಿನ ಆರ್ಥಿಕ ವರ್ಷದವರೆಗೆ ದುಡ್ಡಿಲ್ಲ ಎಂದು ಕಚೇರಿಯವರು ಹೇಳುತ್ತಾರೆ. ಪ್ರಯೋಗಾಲಯದ ಹಿರಿಯರೊಬ್ಬರು, "ಎಲ್ಲವನ್ನೂ ಜೆಪೆಗ್ ಮಾಡಿಡು, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ" ಎನ್ನುತ್ತಾರೆ. ಅವರ ಮಾತು ಸರಿಯಲ್ಲ ಎಂದು ಮನಸ್ಸು ಹೇಳುತ್ತದೆ, ಯಾಕೆ ಎಂದು ಹೇಳಲು ಬರುವುದಿಲ್ಲ. ಏನು ಮಾಡಲಿ?


ಉಳಿತಾಯರಾಯ
ಸೋಮವಾರ, ರಾತ್ರಿ 11:48

ಡಿಸ್ಕಿನ ಬೆಲೆ ಹಿಂದಿನ ದಶಕಗಳಿಗಿಂತ ಬಹಳ ಇಳಿದಿದೆ. ನೀವು ಇದಕ್ಕೆ ತಲೆ ಕೆಡಿಸಿಕೊಳ್ಳುವ ಸಮಯದ ಸಂಬಳದಲ್ಲಿ ನಾಲ್ಕು ಡಿಸ್ಕು ಬರುತ್ತದೆ. ಹೇಗಾದರೂ ಮಾಡಿ ಕೊಳ್ಳಿ, ಮುಂದೆ ಹೋಗಿ.


ಮೀನುಮರಿ
ಸೋಮವಾರ, ರಾತ್ರಿ 11:55

ಸರ್, ಸಂಶೋಧನಾ ವಿದ್ಯಾರ್ಥಿಯ ಸಂಬಳ ಎಷ್ಟೆಂದು ನಿಮಗೆ ಗೊತ್ತಿಲ್ಲ ಅನಿಸುತ್ತದೆ.


ಸೂರ್ಯಕಲೆ
ಮಂಗಳವಾರ, ಬೆಳಗ್ಗೆ 7:10

ಮೊದಲು ಜೆಪೆಗ್ ವಿಚಾರ ಮುಗಿಸಿಬಿಡೋಣ. ಮಾಡಬೇಡಿ. "ಕಣ್ಣಿಗೆ ಗೊತ್ತಾಗುವುದಿಲ್ಲ" ಎಂಬುದು ಅಕ್ಷರಶಃ ನಿಜ, ಯಾಕೆಂದರೆ ಕಣ್ಣಿಗೆ ಗೊತ್ತಾಗದ್ದನ್ನು ಹುಡುಕಿ ಎಸೆಯಲೆಂದೇ ಅದನ್ನು ಕಟ್ಟಿದ್ದು. ಆದರೆ ನೀವು ಆ ಚಿತ್ರವನ್ನು ನೋಡುವುದು ಮಾತ್ರವಲ್ಲ, ಅಳೆಯುತ್ತೀರಿ. ಸಾಮಾನ್ಯ ಜೆಪೆಗ್ ನಿಮ್ಮ 16 ಬಿಟ್ಟನ್ನು 8ಕ್ಕೆ ಇಳಿಸುತ್ತದೆ. ಆಮೇಲೆ ಚಿತ್ರವನ್ನು 8 × 8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕವನ್ನೂ ತನ್ನಷ್ಟಕ್ಕೆ ತಾನೇ ಸವೆಸುತ್ತದೆ. ಹೀಗೆ ಉಳಿಸಿಟ್ಟ ಚಿತ್ರಗಳ ಮೇಲೆ ಗೆಳೆಯರೊಬ್ಬರು ಜೀವಕೋಶಗಳ ನಡುವಿನ ಅಂತರವನ್ನು ಅಳೆದಿದ್ದರು. ಚಿತ್ರದಲ್ಲಿ ಏನು ಎಷ್ಟೆಷ್ಟು ಅಂತರಕ್ಕೆ ಮರುಕಳಿಸುತ್ತದೆ ಎಂದು ತೋರಿಸುವ ಫೋರಿಯರ್ ರೂಪಾಂತರ ಮಾಡಿ ನೋಡಿದರೆ ಪ್ರತಿ 8 ಪಿಕ್ಸೆಲ್ಲಿಗೆ ಸರಿಯಾಗಿ ಒಂದು ಮುಳ್ಳು ಎದ್ದು ನಿಂತಿತ್ತು. ಹೊಸ ಜೈವಿಕ ರಚನೆ ಸಿಕ್ಕಿತೆಂದು ಎರಡು ದಿನ ಕುಣಿದಾಡಿದರು. ಸಿಕ್ಕಿದ್ದು ಜೆಪೆಗ್‌ನ ಚೌಕ.

ಈಗ ನಿಮ್ಮ 58ರ ವಿಚಾರ. ಅದು ಯಾಕೆ 20 ಆಗಲಿಲ್ಲ? ಚಿತ್ರದಲ್ಲಿ ಮೀನು ಇದ್ದದ್ದಕ್ಕಲ್ಲ, ಗದ್ದಲ ಇದ್ದದ್ದಕ್ಕೆ. ಗದ್ದಲ ಎಂದರೆ ನಾಯ್ಸ್. ಮುಂದಿನ ಪಿಕ್ಸೆಲ್ ಏನಿರಬಹುದು ಎಂದು ಎಷ್ಟು ಚೆನ್ನಾಗಿ ಊಹಿಸಬಹುದೋ ಅಷ್ಟು ಕುಗ್ಗುತ್ತದೆ. ಗದ್ದಲವನ್ನು ಯಾವ ಜಾಣನೂ ಊಹಿಸಲಾರ. ಕಣಜದಲ್ಲಿ ಜಾಗ ತಿನ್ನುತ್ತಿರುವುದು ಕಾಳಲ್ಲ, ಜಳ್ಳು.

ನಾವು ಖಗೋಳದವರು ನೆಚ್ಚಿಕೊಂಡಿರುವುದು ರೈಸ್ ವಿಧಾನವನ್ನು. ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ರೈಸ್ ಅವರ ಹೆಸರು ಅದು, ಅನ್ನಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಗದದ ಮೇಲೆ ಮಾಡಿ ನೋಡಬಹುದಾದಷ್ಟು ಸರಳ. ನಿಮ್ಮ ಚಿತ್ರದ ಖಾಲಿ ಮೂಲೆಯಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ 104, 101, 107, 103 ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ಹಾಗೇ ಬರೆದು, ಉಳಿದವಕ್ಕೆ ವ್ಯತ್ಯಾಸ ಮಾತ್ರ ಬರೆಯಿರಿ: −3, +6, −4. ಋಣಚಿಹ್ನೆಯ ಕಾಟ ತಪ್ಪಿಸಲು ಧನ ಸಂಖ್ಯೆಯನ್ನು ದುಪ್ಪಟ್ಟು ಮಾಡಿ, ಋಣ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಒಂದು ಕಳೆಯಿರಿ: 5, 12, 7. ಪ್ರತಿಯೊಂದನ್ನೂ 4ರಿಂದ ಭಾಗಿಸಿ. ಭಾಗಲಬ್ಧ ಎಷ್ಟೋ ಅಷ್ಟು ಸೊನ್ನೆ, ಆಮೇಲೆ ಒಂದು 1, ಆಮೇಲೆ ಶೇಷಕ್ಕೆ ಎರಡು ಬಿಟ್. 5 ಎಂಬುದು 0101, 12 ಎಂಬುದು 000100, 7 ಎಂಬುದು 0111. ಒಟ್ಟು 14 ಬಿಟ್. ಹಾಗೇ ಬರೆದಿದ್ದರೆ 48 ಆಗುತ್ತಿತ್ತು. ಒಂದು ಬಿಟ್ಟೂ ಕಳೆದುಹೋಗಿಲ್ಲ.

ವ್ಯತ್ಯಾಸವನ್ನಷ್ಟೇ ಕಳುಹಿಸುವ ಈ ಜಾಣ್ಮೆಯಿಂದಲೇ 1986ರಲ್ಲಿ ವಾಯೇಜರ್ 2 ಯುರೇನಸ್ಸಿನ ಚಿತ್ರಗಳನ್ನು ಅಷ್ಟು ದೂರದಿಂದ ಕಳುಹಿಸಿದ್ದು. ಹಾರುತ್ತಿದ್ದ ನೌಕೆಯ ಕಂಪ್ಯೂಟರಿಗೆ ಭೂಮಿಯಿಂದಲೇ ಹೊಸ ತಂತ್ರಾಂಶ ಕಲಿಸಿದರು. ಹಂಚಿನ ಮನೆಯೊಳಗೆ ಜನ ಕೂತಿರುವಾಗಲೇ ಮಾಡು ಬಿಚ್ಚಿ ಕಟ್ಟಿದ ಹಾಗೆ.


ಮೀನುಮರಿ
ಮಂಗಳವಾರ, ಬೆಳಗ್ಗೆ 9:35

ಸರ್, ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂಬದಿಯಲ್ಲಿ 5, 12, 7 ಮಾಡಿ ನೋಡಿದೆ. ಬಂತು! ಆದರೆ ನನ್ನ ಚಿತ್ರ ಎಷ್ಟು ಕುಗ್ಗೀತು ಎಂದು ಮೊದಲೇ ಹೇಳಲು ಬರುತ್ತದೆಯೇ? ಖಾಲಿ ಮೂಲೆಯಲ್ಲಿ ಸರಾಸರಿ 100, ಏರಿಳಿತದ ಸಿಗ್ಮಾ, ಅಂದರೆ ಸರಾಸರಿಯ ಆಚೀಚೆ ಅಂಕಿಗಳು ಚದುರುವ ಅಳತೆ, 3.5 ಎಂದು ಈಗಷ್ಟೇ ಅಳೆದೆ. ಪಿಕ್ಸೆಲ್ಲಿನ ಅಂಕಿಯ ಒಂದು ಎಣಿಕೆಗೆ, ಬೆಳಕು ಎಬ್ಬಿಸಿದ 0.46 ಎಲೆಕ್ಟ್ರಾನ್ ಎಂದು ಕ್ಯಾಮೆರಾದ ಕೈಪಿಡಿಯಲ್ಲಿದೆ.


ಸೂರ್ಯಕಲೆ
ಮಂಗಳವಾರ, ಬೆಳಗ್ಗೆ 10:20

ಬರುತ್ತದೆ. ಸಿಗ್ಮಾವನ್ನು 3.46ರಿಂದ ಗುಣಿಸಿ, 2ರ ಆಧಾರದ ಲಾಗರಿದಮ್ ತೆಗೆಯಿರಿ. ಅಷ್ಟು ಬಿಟ್ ಗದ್ದಲದ ಪಾಲು. ರೈಸ್ ವಿಧಾನದ ಖರ್ಚೆಂದು 1.2 ಸೇರಿಸಿ, 16ನ್ನು ಅದರಿಂದ ಭಾಗಿಸಿ. ಪೆನ್ಸ್, ಸೀಮನ್, ವೈಟ್ ಎಂಬ ಮೂವರು ಖಗೋಳ ಚಿತ್ರಗಳಿಗಾಗಿ 2009ರಲ್ಲಿ ಬರೆದಿಟ್ಟ ಲೆಕ್ಕ ಇದು. ಮೀನಿಗೂ ನಕ್ಷತ್ರಕ್ಕೂ ಭೇದ ಮಾಡುವುದಿಲ್ಲ.

ನಿಮ್ಮ ಖಾಲಿ ಮೂಲೆ: 3.5 × 3.46 ಎಂದರೆ ಸುಮಾರು 12, ಲಾಗರಿದಮ್ 3.6, ಖರ್ಚು ಸೇರಿ 4.8. ಅಂದರೆ 3.3ಕ್ಕೆ 1ರಷ್ಟು ಕುಗ್ಗುತ್ತದೆ. ಮೀನು ಬೆಳಗುವ ಜಾಗದಲ್ಲಿ, ಹಿನ್ನೆಲೆ ಕಳೆದು 1000 ಎಣಿಕೆ ಇದ್ದರೆ, ಅದು 460 ಎಲೆಕ್ಟ್ರಾನ್. ಅದರ ಸಹಜ ಏರಿಳಿತ ವರ್ಗಮೂಲದಷ್ಟು, ಸುಮಾರು 21. ಎಣಿಕೆಗೆ ತಿರುಗಿಸಿದರೆ 47. ಅಲ್ಲಿ 1.9ಕ್ಕೆ 1 ಅಷ್ಟೇ. ಇಡೀ ಚಿತ್ರ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಮಾಹಿತಿ ಕಳೆದುಕೊಳ್ಳದೆ ಹತ್ತು ಪಟ್ಟು ಕುಗ್ಗಿಸುತ್ತೇನೆ ಎಂದು ಯಾರಾದರೂ ತಂತ್ರಾಂಶ ಮಾರಲು ಬಂದರೆ ಕಾಫಿ ಕೊಟ್ಟು ಕಳುಹಿಸಿ.


ಚಳಿಗಾಜು
ಮಂಗಳವಾರ, ಮಧ್ಯಾಹ್ನ 2:05

ಹೈಡೆಲ್‌ಬರ್ಗ್‌ನಿಂದ ಬರೆಯುತ್ತಿದ್ದೇನೆ. ನನ್ನದು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಪ್ರೋಟೀನನ್ನು ಗಾಜಿನಂಥ ಮಂಜಿನಲ್ಲಿ ಹೆಪ್ಪುಗಟ್ಟಿಸಿ ನೋಡುವ ಕಸುಬು, ಹಾಗಾಗಿ ಈ ಹೆಸರು.

ಮೀನುಮರಿ ಅವರೇ, ಒಂದು ಪ್ರಶ್ನೆ. ಕ್ಯಾಮೆರಾ ಕೊಟ್ಟ ಅಂಕಿಯನ್ನೇ ಉಳಿಸುತ್ತಿದ್ದೀರಾ, ಅಥವಾ ನಡುವೆ ಯಾರಾದರೂ ಕೈಯಾಡಿಸುತ್ತಿದ್ದಾರಾ? ನಮ್ಮಲ್ಲಿ ಡಿಟೆಕ್ಟರ್ ಒಂದೊಂದೇ ಎಲೆಕ್ಟ್ರಾನನ್ನು ಎಣಿಸುತ್ತದೆ. ಒಂದು ಫ್ರೇಮಿನಲ್ಲಿ ಹೆಚ್ಚಿನ ಪಿಕ್ಸೆಲ್‌ಗಳಲ್ಲಿ ಇರುವುದು 0, ಕೆಲವು ಕಡೆ 1, ಅಪರೂಪಕ್ಕೆ 2. ಇಂಥದ್ದು ಹಿಂಡಿದಷ್ಟೂ ಕುಗ್ಗುತ್ತದೆ. ಆದರೆ ಪಿಕ್ಸೆಲ್‌ಗಳ ಸಂವೇದನೆಯ ಏರುಪೇರನ್ನು ಸರಿಪಡಿಸಲು ಗೇನ್ ಚಿತ್ರದಿಂದ ಗುಣಿಸಿದ ಕೂಡಲೇ 1 ಎಂಬುದು 0.9837 ಆಗುತ್ತದೆ, ಪಕ್ಕದ 1 ಎಂಬುದು 1.0214 ಆಗುತ್ತದೆ. ಪಿಕ್ಸೆಲ್ಲಿಗೆ ನಾಲ್ಕು ಬೈಟಿನ ದಶಾಂಶ ಸಂಖ್ಯೆ. ಹೊಸ ಮಾಹಿತಿ ಸಾಸಿವೆ ಕಾಳಿನಷ್ಟೂ ಸೇರಲಿಲ್ಲ, ಕಡತ ಮಾತ್ರ ಊದಿಕೊಂಡಿತು. ಮೊದಲ ಒಂದೂವರೆ ವರ್ಷ ನಾನು ಹೀಗೆ ಗುಣಿಸಿದ ಮೇಲೆಯೇ ಉಳಿಸುತ್ತಿದ್ದೆ. ಈಗ ಎಣಿಕೆಯನ್ನು ಹಾಗೇ ಕುಗ್ಗಿಸಿಟ್ಟು, ಗೇನ್ ಚಿತ್ರ ಒಂದನ್ನು ಪಕ್ಕದಲ್ಲಿಡುತ್ತೇನೆ. ಬೇಕಾದಾಗ ಗುಣಿಸಿದರಾಯಿತು.

ಜಿಜಿಪ್ ಬದಲಿಗೆ ಬಿಟ್‌ಶಫಲ್ ಮತ್ತು ಝಡ್‌ಸ್ಟಾಂಡರ್ಡ್ ಜೋಡಿ ಪ್ರಯತ್ನಿಸಿ. ಮೊದಲನೆಯದು ಬಿಟ್‌ಗಳನ್ನು ಜೋಡಿಸುತ್ತದೆ, ಎರಡನೆಯದು ಕುಗ್ಗಿಸುತ್ತದೆ. ಬಿಟ್‌ಶಫಲ್ ಮಾಡುವುದು ಇಷ್ಟೇ: ಎಲ್ಲ ಪಿಕ್ಸೆಲ್‌ಗಳ ಮೇಲಿನ ಬಿಟ್ಟನ್ನು ಒಂದು ಕಡೆ, ಅದರ ಕೆಳಗಿನದನ್ನು ಇನ್ನೊಂದು ಕಡೆ ಪೇರಿಸುತ್ತದೆ. ನಿಮ್ಮ ಎಣಿಕೆ 2000 ದಾಟದಿದ್ದರೆ 16 ಬಿಟ್‌ಗಳಲ್ಲಿ ಮೇಲಿನ ಐದು ಯಾವಾಗಲೂ ಸೊನ್ನೆ. ಅವೆಲ್ಲ ಒಟ್ಟಾದರೆ ಉದ್ದಕ್ಕೂ ಸೊನ್ನೆಯ ಸಾಲು, ಕುಗ್ಗಿಸುವವನಿಗೆ ಹಬ್ಬ. ಕೆನಡಾದ ಚೈಮ್ ರೇಡಿಯೋ ದೂರದರ್ಶಕಕ್ಕಾಗಿ ಬರೆದದ್ದು, ಈಗ ಸಿಂಕ್ರೋಟ್ರಾನ್ ಎಂಬ ಕಣವೇಗವರ್ಧಕಗಳ ಎಕ್ಸ್‌ರೇ ಡಿಟೆಕ್ಟರ್‌ಗಳಲ್ಲೂ ಓಡುತ್ತಿದೆ. ವೇಗದಲ್ಲಿ ಜಿಜಿಪ್ ಹತ್ತಿರವೂ ಸುಳಿಯುವುದಿಲ್ಲ.


ಮೀನುಮರಿ
ಮಂಗಳವಾರ, ರಾತ್ರಿ 9:40

ನಿಮ್ಮ ಪ್ರಶ್ನೆ ಓದಿ ಸರ್ವರನ್ನು ತೆರೆದು ನೋಡಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪ್ರತಿ ರಾತ್ರಿಯ ಫೋಲ್ಡರಿನಲ್ಲಿ ಅಸಲು ಚಿತ್ರಗಳ ಜೊತೆಗೆ "ಫ್ಯೂಸ್ಡ್", "ಡಿಕಾನ್", "ಡಿಕಾನ್_ಹೊಸದು", "ಡಿಕಾನ್_ಹೊಸದು_ಕೊನೆಯದು" ಎಂಬ ಫೋಲ್ಡರುಗಳಿವೆ. ಅಸಲನ್ನು ಜೋಡಿಸಿ, ಮಸುಕು ಕಳೆದು ಲೆಕ್ಕ ಹಾಕಿದ ಚಿತ್ರಗಳು ಅವು. ಎಲ್ಲವೂ ಪಿಕ್ಸೆಲ್ಲಿಗೆ ನಾಲ್ಕು ಬೈಟಿನವು. ಒಂದು ಕಡೆ "ಕೊನೆಯದು_2" ಕೂಡ ಇದೆ. ಕೂಡಿಸಿ ನೋಡಿದರೆ 67 ಟೆರಾಬೈಟ್.


ಹಳೇಟೇಪು
ಬುಧವಾರ, ಬೆಳಗ್ಗೆ 6:15

ನೋಡಮ್ಮಾ, ನಲವತ್ತು ವರ್ಷ ಕಂಪ್ಯೂಟರ್ ಕೋಣೆಯಲ್ಲಿ ಕೂತು ಬಂದವನು ನಾನು. "ಕೊನೆಯದು" ಎಂಬ ಹೆಸರಿನ ಫೋಲ್ಡರ್ ಕೊನೆಯದಾದದ್ದನ್ನು ನಾನಂತೂ ಕಂಡಿಲ್ಲ.

ಲೆಕ್ಕ ಹಾಕಿ ಮತ್ತೆ ಪಡೆಯಬಹುದಾದ್ದನ್ನು ಉಳಿಸಬೇಡಿ. ಲೆಕ್ಕ ಮಾಡಿದ ಪ್ರೋಗ್ರಾಂ, ಅದರ ಆವೃತ್ತಿ, ಕೊಟ್ಟ ನಿಯತಾಂಕಗಳು, ಇಷ್ಟನ್ನು ಉಳಿಸಿ. ಒಂದೆರಡು ಪುಟದ ಪಠ್ಯ ಅದು. ಮತ್ತೆ ಪಡೆಯಲಾಗದ್ದು ಎಂದರೆ ಆ ರಾತ್ರಿ ಆ ಮೀನಿನ ಮೇಲೆ ಬಿದ್ದ ಬೆಳಕು. ಅದಕ್ಕೆ ಎರಡು ಪ್ರತಿ ಮಾಡಿ, ಒಂದು ಬೇರೆ ಕಟ್ಟಡದಲ್ಲಿರಲಿ. ನಿಮ್ಮ ಸರ್ವರಿನಲ್ಲಿ ರೇಡ್ ಇರಬಹುದು, ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ವ್ಯವಸ್ಥೆ. ರೇಡ್ ಎಂದರೆ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದರೆ ಅದು ಬಹಳ ನಿಷ್ಠೆಯಿಂದ ಎಲ್ಲ ಡಿಸ್ಕುಗಳಿಂದಲೂ ಅಳಿಸುತ್ತದೆ.

ಟೇಪನ್ನು ಕಡೆಗಣಿಸಬೇಡಿ. ಎಲ್‌ಟಿಒ ಎಂಬ ಮಾಹಿತಿ ಟೇಪಿನ ಒಂಬತ್ತನೆಯ ಪೀಳಿಗೆಯ, ಅಂದರೆ ಎಲ್‌ಟಿಒ-9 ಕ್ಯಾಸೆಟ್ ಒಂದರಲ್ಲಿ 18 ಟೆರಾಬೈಟ್ ಹಿಡಿಯುತ್ತದೆ. ಕಪಾಟಿನಲ್ಲಿಟ್ಟರೆ ವಿದ್ಯುತ್ ಕೇಳುವುದಿಲ್ಲ, ವೈರಸ್ಸು ಹತ್ತುವುದಿಲ್ಲ. ಡಬ್ಬಿಯ ಮೇಲೆ 45 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ನಂಬಬೇಡಿ. ನಿಮ್ಮ ಮಾಹಿತಿ 2.5 ಪಟ್ಟು ಕುಗ್ಗುತ್ತದೆ ಎಂದು ಅವರೇ ಊಹಿಸಿಕೊಂಡು ಗುಣಿಸಿದ ಅಂಕಿ ಅದು. ನೀವು ಮೊದಲೇ ಕುಗ್ಗಿಸಿ ಕೊಟ್ಟರೆ ಟೇಪಿಗೆ ಹಿಂಡಲು ಏನೂ ಉಳಿಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಎಲ್‌ಟಿಒ-9 ಡ್ರೈವು ಓದುವುದು 8 ಮತ್ತು 9ನ್ನು ಮಾತ್ರ. ಕ್ಯಾಸೆಟ್ 30 ವರ್ಷ ಬಾಳಬಹುದು, ಅದನ್ನು ಓದುವ ಡ್ರೈವು ಅಷ್ಟು ವರ್ಷ ಅಂಗಡಿಯಲ್ಲಿರುವುದಿಲ್ಲ. ಏಳೆಂಟು ವರ್ಷಕ್ಕೊಮ್ಮೆ ಹೊಸ ಟೇಪಿಗೆ ದಾಟಿಸುವುದು ಮನೆಗೆ ಸುಣ್ಣ ಬಳಿದ ಹಾಗೆ, ತಪ್ಪಿಸಿಕೊಳ್ಳುವಂತಿಲ್ಲ.

ಇಡೀ ರಾತ್ರಿಯನ್ನು ಒಂದೇ ಜಿಜಿಪ್ ಕಡತ ಮಾಡಿದ್ದರೆ ಅದನ್ನೂ ಬಿಡಿಸಿ. ಮಧ್ಯದಲ್ಲಿ ಒಂದು ಬಿಟ್ ಕೆಟ್ಟರೆ ಅಲ್ಲಿಂದ ಮುಂದಿನದೆಲ್ಲ ಹೋಯಿತು. ಕುಗ್ಗಿಸದ ಚಿತ್ರದಲ್ಲಾದರೆ ಒಂದು ಪಿಕ್ಸೆಲ್ ಹೋಗುತ್ತಿತ್ತು ಅಷ್ಟೆ. ಚಿಕ್ಕ ಚಿಕ್ಕ ಕಟ್ಟುಗಳಾಗಿ ಕುಗ್ಗಿಸಿ, ಕೆಟ್ಟರೆ ಒಂದು ಕಟ್ಟು ಕೆಡಲಿ.


ಚಳಿಗಾಜು
ಬುಧವಾರ, ಮಧ್ಯಾಹ್ನ 1:30

ಕಟ್ಟಿನ ವಿಚಾರಕ್ಕೆ ಒಂದು ಮಾತು ಸೇರಿಸುತ್ತೇನೆ. ಎಚ್‌ಡಿಎಫ್5 ಆಗಲಿ ಝಾರ್ ಆಗಲಿ, ದೊಡ್ಡ ದತ್ತಾಂಶ ಇಡುವ ಈ ಎರಡೂ ಕಡತರೂಪಗಳು ಮೂರು ಆಯಾಮದ ಚಿತ್ರವನ್ನು ಇಟ್ಟಿಗೆಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆ ಬೇರೆ ಕುಗ್ಗಿಸುತ್ತವೆ. ಇದರ ನಿಜವಾದ ಸುಖ ಓದುವಾಗ ತಿಳಿಯುತ್ತದೆ. ಮೀನನ್ನು ಉದ್ದುದ್ದಕ್ಕೆ ಸೀಳಿದ ಒಂದೇ ನೋಟ ಬೇಕಾದರೆ, ಪದರಕ್ಕೊಂದು ಟಿಫ್ ಚಿತ್ರಕಡತ ಇದ್ದಾಗ 400 ಕಡತಗಳನ್ನೂ ತೆರೆಯಬೇಕು. ಇಟ್ಟಿಗೆಗಳಿದ್ದರೆ ಆ ಸೀಳಿನ ದಾರಿಯಲ್ಲಿರುವ ಇಟ್ಟಿಗೆಗಳು ಸಾಕು.


ಹಳೇಟೇಪು
ಬುಧವಾರ, ಸಂಜೆ 5:50

ಝಾರ್ ಒಂದೊಂದು ಇಟ್ಟಿಗೆಗೂ ಒಂದೊಂದು ಕಡತ ಮಾಡುತ್ತದೆ. ಒಂದು ರಾತ್ರಿಗೆ ಹತ್ತಾರು ಲಕ್ಷ ಚಿಲ್ಲರೆ ಕಡತ. ಅದನ್ನು ಟೇಪಿಗೆ ಬರೆಯಲು ಹೋಗಿ ಡ್ರೈವು ನಿಂತು ನಿಂತು ಓಡಿದ್ದನ್ನು ಕೇಳಿದ್ದೇನೆ. ಗಾಣದ ಎತ್ತು ಮುಲುಕಿದ ಹಾಗಿತ್ತು. ಮೂರನೆಯ ಆವೃತ್ತಿಯಲ್ಲಿ ಹಲವು ಇಟ್ಟಿಗೆಗಳನ್ನು ಒಂದೇ ಕಡತದಲ್ಲಿ ಕಟ್ಟುವ ಸೌಲಭ್ಯ ಬಂದಿದೆ, ಅದನ್ನು ಬಳಸಿ. ಇಲ್ಲವಾದರೆ ಎಚ್‌ಡಿಎಫ್5ಕ್ಕೇ ಅಂಟಿಕೊಳ್ಳಿ.

ರೂಪದ ವಿಷಯದಲ್ಲಿ ನಾನು ಸ್ವಲ್ಪ ಸನಾತನಿ. ಖಗೋಳದವರ ಫಿಟ್ಸ್ ರೂಪ 1981ರದು. ಶಿರೋಲೇಖದಲ್ಲಿ ಸಾಲಿಗೆ 80 ಅಕ್ಷರ, ಪಂಚ್ ಕಾರ್ಡಿನ ಕಾಲದ ಅಳತೆ. ಈಗಲೂ ಪಠ್ಯ ಸಂಪಾದಕದಲ್ಲಿ ತೆರೆದರೆ ಮೇಲ್ಭಾಗ ಕಣ್ಣಿಗೇ ಓದಲು ಬರುತ್ತದೆ. ವ್ಯಾಟಿಕನ್ ಗ್ರಂಥಾಲಯದವರು ತಮ್ಮ ಹಸ್ತಪ್ರತಿಗಳಿಗೂ ಅದನ್ನೇ ಆರಿಸಿಕೊಂಡರು. ಬೆಂಗಳೂರಿನ ಹತ್ತಿರ ಇರುವ ನಮ್ಮ ಬ್ಯಾಲಾಳುವಿನ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿ ಚಂದ್ರಯಾನ-2ರ ಚಿತ್ರಗಳನ್ನು ಗ್ರಹಗಳ ದತ್ತಾಂಶ ಕಾಪಿಡಲು ಮಾಡಿದ ಪಿಡಿಎಸ್4 ಮಾದರಿಯಲ್ಲಿಟ್ಟಿದ್ದಾರೆ. ಮಾಹಿತಿ ಸರಳ ಸಾಲುಗಳಲ್ಲಿ, ವಿವರ ಪಕ್ಕದ ಚೀಟಿಯಲ್ಲಿ. ಮೊಮ್ಮಗಳಿಗೂ ಬಿಡಿಸಲು ಬರಬೇಕು ಎಂಬ ಹಟ ಅದು.


ಉಳಿತಾಯರಾಯ
ಬುಧವಾರ, ರಾತ್ರಿ 10:05

ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ನೂರು ಪಟ್ಟು ಕುಗ್ಗಿಸುತ್ತಾರಂತಲ್ಲ? ಡಿಸ್ಕು ಕೊಳ್ಳುವುದಿಲ್ಲವಾದರೆ ಅದಾದರೂ ನೋಡಿ.


ಸೂರ್ಯಕಲೆ
ಬುಧವಾರ, ರಾತ್ರಿ 10:40

ಮದುವೆಯ ಫೋಟೋಗೆ ಆದೀತು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಕಟ್ಟಡದ ನಕ್ಷೆಯೊಂದನ್ನು ಕಚೇರಿಯ ಸ್ಕ್ಯಾನರಿನಲ್ಲಿಟ್ಟಾಗ ಕೋಣೆಗಳ ಅಳತೆಯೇ ಬದಲಾಗಿ ಬಂದಿತ್ತು. ಇನ್ನೊಂದು ದಾಖಲೆಯಲ್ಲಿ 6 ಇದ್ದಲ್ಲಿ 8. ಒಂದೇ ಥರ ಕಾಣುವ ತುಣುಕುಗಳನ್ನು ಒಂದೇ ಎಂದು ಭಾವಿಸಿ, ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುವ ವಿಧಾನ ಅದರೊಳಗಿತ್ತು. ಮಸುಕಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಅಂಕಿ ಸ್ಫುಟವಾಗಿತ್ತು, ತಪ್ಪಾಗಿತ್ತು. ಕಲಿತ ಮಾದರಿಗಳು ಸಾವಿರ ಮೀನು ನೋಡಿ ಸಾವಿರದೊಂದನೆಯದನ್ನು ಚೆಂದವಾಗಿ ಬಿಡಿಸಿಕೊಡುತ್ತವೆ. ಈ ಹುಡುಗಿಗೆ ಬೇಕಾದದ್ದು ಆ ಸಾವಿರದಂತೆ ಇಲ್ಲದ ಮೀನು.

ಮೀನುಮರಿ ಅವರಿಗೆ: ಮಾಹಿತಿ ಸ್ವಲ್ಪ ಹೋದರೂ ಪರವಾಗಿಲ್ಲ ಎಂಬ ಕಾಲ ಬಂದರೆ, ಎಷ್ಟು ಹೋಗುತ್ತದೆ ಎಂದು ಅಳೆದು ಬಿಡುವ ದಾರಿಯೊಂದಿದೆ. ಬೆಳಕು ಮಳೆಹನಿಯ ಹಾಗೆ ಬೀಳುತ್ತದೆ. 100 ಹನಿ ಬೀಳಬೇಕಾದಲ್ಲಿ 90 ಬೀಳಬಹುದು, 110 ಬೀಳಬಹುದು. 10,000 ಬೀಳಬೇಕಾದಲ್ಲಿ ಏರಿಳಿತ 100ರಷ್ಟು. ಹಾಗಿರುವಾಗ 10,037 ಎಂಬ ಅಂಕಿಯ ಕೊನೆಯ 7ನ್ನು ಕಾಪಾಡುವುದು ಯಾರ ಉದ್ಧಾರಕ್ಕೆ? ಎಲೆಕ್ಟ್ರಾನ್‌ಗಳ ಸಂಖ್ಯೆಯ ವರ್ಗಮೂಲ ತೆಗೆದು 2ರಿಂದ ಗುಣಿಸಿದರೆ, ಬೆಳಗುವ ಜಾಗದಲ್ಲೂ ಮಸುಕಿನಲ್ಲೂ ಏರಿಳಿತ ಹೆಚ್ಚು ಕಡಿಮೆ 1 ಆಗುತ್ತದೆ. ಆನ್ಸ್‌ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು 1948ರಲ್ಲಿ ಕೊಟ್ಟ ರೂಪಾಂತರದ ಸರಳ ರೂಪ ಇದು. ತೀರ ಮಸುಕಿನಲ್ಲಿ ಕ್ಯಾಮೆರಾದ ಸ್ವಂತ ಗದ್ದಲವನ್ನೂ ವರ್ಗಮೂಲದೊಳಗೆ ಸೇರಿಸಬೇಕು, ಮರೆಯಬೇಡಿ. ಬಂದ ಅಂಕಿಯನ್ನು ಅರ್ಧ ಅರ್ಧದ ಮೆಟ್ಟಿಲಿಗೆ ದುಂಡು ಮಾಡಿದರೆ ಒಟ್ಟು ಗದ್ದಲ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ, ಚಿತ್ರವೆಲ್ಲ ಸುಮಾರು 4ಕ್ಕೆ 1 ಕುಗ್ಗುತ್ತದೆ. ಪೂರ್ಣಾಂಕಕ್ಕೇ ದುಂಡು ಮಾಡಿದರೆ ಗದ್ದಲ ನೂರಕ್ಕೆ ನಾಲ್ಕು ಹೆಚ್ಚು, ಕುಗ್ಗುವುದು 5ಕ್ಕೆ 1. ಜೆಪೆಗ್‌ನಲ್ಲಿ ಹೀಗೆ ಹೋದದ್ದರ ಲೆಕ್ಕ ಕೇಳಿದರೆ ಉತ್ತರವೇ ಇಲ್ಲ.


ಕತ್ತಲಕೋಣೆ
ಗುರುವಾರ, ಬೆಳಗ್ಗೆ 8:25

ನಾನು ರೇಡಿಯಾಲಜಿಯವನು. ಒಂದೇ ಮಾತು ಹೇಳಿ ಹೋಗುತ್ತೇನೆ. ವೈದ್ಯಕೀಯ ಚಿತ್ರಗಳನ್ನು ಇಡುವ ನಮ್ಮ ಡೈಕಾಮ್ ಕಡತದಲ್ಲಿ "ಈ ಚಿತ್ರ ಎಂದಾದರೂ ನಷ್ಟವಾಗುವಂತೆ ಕುಗ್ಗಿದೆಯೇ" ಎಂಬುದಕ್ಕೆ ಒಂದು ಜಾಗವಿದೆ. ಒಮ್ಮೆ 01 ಎಂದು ಬರೆದರೆ ಆಮೇಲೆ ಯಾವ ರೂಪಕ್ಕೆ ಬದಲಾಯಿಸಿದರೂ ಅದನ್ನು 00 ಮಾಡುವಂತಿಲ್ಲ. ವರ್ಗಮೂಲ ತೆಗೆದು ದುಂಡು ಮಾಡುವುದಾದರೆ ನೀವೂ ಇಂಥದ್ದೊಂದು ಗುರುತು ಇಡಿ. ಐದು ವರ್ಷದ ಮೇಲೆ ನಿಮ್ಮ ಜಾಗಕ್ಕೆ ಬಂದವರು ಅದನ್ನು ಅಸಲು ಎಂದುಕೊಂಡು ಇನ್ನೊಮ್ಮೆ ದುಂಡು ಮಾಡದಿರಲಿ.


ಮೀನುಮರಿ
ಗುರುವಾರ, ಮಧ್ಯಾಹ್ನ 12:10

ಇನ್ನೊಂದು ಸಂದೇಹ. ಭ್ರೂಣ ಇರುವುದು ಚಿತ್ರದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ. ಸುತ್ತಲಿನ ಕಪ್ಪನ್ನು ಕತ್ತರಿಸಿ ಬಿಸಾಡಿದರೆ?


ಸೂರ್ಯಕಲೆ
ಗುರುವಾರ, ಮಧ್ಯಾಹ್ನ 3:30

ಇಲ್ಲಿ ನನ್ನ ಕೈ ನಡುಗುತ್ತದೆ. ಕೊಡೈಕನಾಲ್ ಸೌರ ವೀಕ್ಷಣಾಲಯದಲ್ಲಿ ಕಳೆದ ಶತಮಾನದ ಆರಂಭದಿಂದ ಸೂರ್ಯನನ್ನು ಗಾಜಿನ ತಟ್ಟೆಗಳ ಮೇಲೆ ಹಿಡಿದಿಟ್ಟಿದ್ದಾರೆ. 1909ರಲ್ಲಿ ಜಾನ್ ಎವರ್‌ಶೆಡ್ ಸೌರಕಲೆಯೊಳಗಿನ ಅನಿಲದ ಹರಿವನ್ನು ಗುರುತಿಸಿದ್ದು ಅಲ್ಲೇ. ಈಗ ಆ ತಟ್ಟೆಗಳನ್ನು 4096 × 4096 ಪಿಕ್ಸೆಲ್, 16 ಬಿಟ್‌ನಲ್ಲಿ ಡಿಜಿಟಲ್ ಮಾಡಿದ್ದಾರೆ. ಒಂದೊಂದು 33 ಮೆಗಾಬೈಟ್ ಮೀರುತ್ತದೆ. ಸೂರ್ಯನ ಬಿಂಬವನ್ನಷ್ಟೇ ದುಂಡಗೆ ಕತ್ತರಿಸಿ ಇಟ್ಟಿದ್ದರೆ ಎಷ್ಟೋ ಜಾಗ ಉಳಿಯುತ್ತಿತ್ತು. ಆದರೆ ಬಿಂಬದ ಹೊರಗೆ ಸೂರ್ಯನ ಧ್ರುವಗಳ ದಿಕ್ಕು ತೋರಿಸುವ ಗುರುತುಗಳಿವೆ. ಅವಿಲ್ಲದೆ ಮೇಲು ಯಾವುದು ಕೆಳಗು ಯಾವುದು ಎಂದು ಕೂದಲು ಕಿತ್ತುಕೊಳ್ಳಬೇಕು. ಖಾಲಿ ಎನಿಸಿದ ಅಂಚೇ ಹಿನ್ನೆಲೆಯ ಮಟ್ಟವನ್ನೂ ಹೇಳುತ್ತದೆ.

ಹಾಗೆಂದು ಎಲ್ಲವನ್ನೂ ಎದೆಗೊತ್ತಿಕೊಂಡು ಕೂರುವವನೂ ಅಲ್ಲ ನಾನು. ಆಕಾಶದ ಸಮೀಕ್ಷೆಯ ಗಾಜುತಟ್ಟೆಗಳನ್ನು ಸ್ಕ್ಯಾನ್ ಮಾಡಿ, ನಷ್ಟಸಹಿತವಾಗಿಯೇ ಸುಮಾರು ಹತ್ತು ಪಟ್ಟು ಕುಗ್ಗಿಸಿ, 1994ರಲ್ಲಿ 102 ಸಿ.ಡಿ.ಗಳಲ್ಲಿ ಹಂಚಿದರು. ಇಡೀ ಆಕಾಶ ಒಂದು ಕಪಾಟಿನಲ್ಲಿ! ಸಣ್ಣ ಕಾಲೇಜುಗಳಿಗೂ ಅದರಿಂದ ಆಕಾಶ ಸಿಕ್ಕಿತು. ಆದರೆ ಅದು ಹಂಚುವ ಪ್ರತಿ, ಅಸಲು ಗಾಜು ಅದರ ಜಾಗದಲ್ಲೇ ಇತ್ತು. ನಿಮ್ಮ ಮೀನಿಗೆ ಗಾಜಿಲ್ಲ.

ಕತ್ತರಿಸುವುದೇ ಆದರೆ ಧಾರಾಳವಾಗಿ ಅಂಚು ಬಿಡಿ, ನಾಲ್ಕು ಮೂಲೆಯಲ್ಲಿ ಒಂದೊಂದು ಚಿಕ್ಕ ಚೌಕ ಹಿನ್ನೆಲೆಯನ್ನು ಹಾಗೇ ಉಳಿಸಿ, ಪೆಟ್ಟಿಗೆಯ ಮೂಲೆಯ ನಿರ್ದೇಶಾಂಕವನ್ನು ಬರೆದಿಡಿ.


ಚಳಿಗಾಜು
ಗುರುವಾರ, ಸಂಜೆ 4:15

ಭ್ರೂಣ 14 ಗಂಟೆಯಲ್ಲಿ ಬಾಲ ಬಿಡುತ್ತದೆ, ಹೊರಳುತ್ತದೆ. ಸಂಜೆ ಆರರ ಚೌಕಟ್ಟಿಗೆ ಕತ್ತರಿಸಿದರೆ ಬೆಳಗಿನ ಜಾವ ಬಾಲ ಕತ್ತರಿಯ ಹೊರಗಿರುತ್ತದೆ. ಎಲ್ಲ ಸುತ್ತುಗಳನ್ನೂ ನೋಡಿದ ಮೇಲೆ ಚೌಕಟ್ಟು ಹಾಕಿ.


ಮೀನುಮರಿ
ಮುಂದಿನ ವಾರ, ಶನಿವಾರ, ಸಂಜೆ 6:30

ವರದಿ ಒಪ್ಪಿಸುತ್ತಿದ್ದೇನೆ. "ಡಿಕಾನ್" ಸಂತಾನವನ್ನೆಲ್ಲ ಗುರುಗಳ ಜೊತೆ ಕೂತು ಒಂದೊಂದಾಗಿ ನೋಡಿದೆವು. ಪ್ರಬಂಧದಲ್ಲಿ ಬಳಸಿದ 6 ಟೆರಾಬೈಟ್ ಉಳಿಸಿ 61 ಅಳಿಸಿದೆವು. ಯಾವ ನಿಯತಾಂಕದಿಂದ ಮಾಡಿದ್ದೆಂದು ಎರಡು ರಾತ್ರಿಗಳಿಗೆ ನಾನೇ ಬರೆದಿಟ್ಟಿರಲಿಲ್ಲ. ಹಳೆಯ ಮಿಂಚಂಚೆಗಳನ್ನು ಕೆದಕಿ ಹುಡುಕಬೇಕಾಯಿತು.

ಆಮೇಲೆ ನನಗೇ ಹೊಳೆದದ್ದು ಒಂದು. ಭ್ರೂಣ ಮಧ್ಯರಾತ್ರಿಯೇ ಸತ್ತುಹೋದ, ಅಥವಾ ಜೆಲ್ಲಿನಿಂದ ಜಾರಿ ಚೌಕಟ್ಟಿನ ಹೊರಗೆ ಹೋದ ರಾತ್ರಿಗಳು ಒಂಬತ್ತು ಸಿಕ್ಕವು. ಬರಿಯ ಕಪ್ಪು ನೀರು, 25 ಟೆರಾಬೈಟ್! ಅದರಲ್ಲೂ ಒಂದನ್ನು ಅಳಿಸುವಾಗ ಮನಸ್ಸು ಬರಲಿಲ್ಲ. ಅದು ನಾನು ಈ ಉಪಕರಣದಲ್ಲಿ ಮಾಡಿದ ಮೊದಲ ರಾತ್ರಿ. ಒಂದೇ ಒಂದು ಚಿತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸಿದೆ.

ಉಳಿದ 77 ಟೆರಾಬೈಟ್ ಅಸಲನ್ನು ಬಿಟ್‌ಶಫಲ್ ಮತ್ತು ಝಡ್‌ಸ್ಟಾಂಡರ್ಡ್‌ಗೆ ಕೊಟ್ಟಿದ್ದೇನೆ, ಎಚ್‌ಡಿಎಫ್5 ಒಳಗೆ. 2.4ಕ್ಕೆ 1 ಬರುತ್ತಿದೆ, ಸೂರ್ಯಕಲೆ ಸರ್ ಹೇಳಿದ 3.3 ಮತ್ತು 1.9ರ ನಡುವೆ. ಒಂದು ರಾತ್ರಿಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಎಲ್ಲ ಮುಗಿದರೆ 169 ಇದ್ದದ್ದು 38ಕ್ಕೆ ಇಳಿಯುತ್ತದೆ. ಒಂದು ಬಿಟ್ಟನ್ನೂ ದುಂಡು ಮಾಡಿಲ್ಲ. ವರ್ಗಮೂಲವನ್ನು ಮುಂದಿನ ಬರಗಾಲಕ್ಕೆ ಇಟ್ಟುಕೊಂಡಿದ್ದೇನೆ.

ಪಕ್ಕದ ವಿಭಾಗದವರ ಬಳಿ ಎಲ್‌ಟಿಒ-9 ಡ್ರೈವು ಇದೆ. ಕುಗ್ಗಿದ ಅಸಲು 32 ಟೆರಾಬೈಟ್ ಎರಡು ಕ್ಯಾಸೆಟ್ಟಿಗೆ ಹಿಡಿಯುತ್ತದೆ, ಎರಡು ಪ್ರತಿಗೆ ನಾಲ್ಕು. ಕ್ಯಾಸೆಟ್ಟಿನ ದುಡ್ಡನ್ನು ಕಚೇರಿಯವರು "ಲೇಖನ ಸಾಮಗ್ರಿ" ಎಂಬ ಲೆಕ್ಕದಲ್ಲಿ ಮಂಜೂರು ಮಾಡಿದರು.


ಉಳಿತಾಯರಾಯ
ಶನಿವಾರ, ಸಂಜೆ 7:00

ನಾಲ್ಕು ಡಿಸ್ಕು ಎಂದಿದ್ದೆ, ನಾಲ್ಕು ಕ್ಯಾಸೆಟ್ ಆಯಿತು. ಪೂರ್ತಿ ಸೋತಿಲ್ಲ ನಾನು.


ಹಳೇಟೇಪು
ಶನಿವಾರ, ರಾತ್ರಿ 8:45

ಕುಗ್ಗಿಸಿದ್ದನ್ನು ಮತ್ತೆ ಬಿಡಿಸಿ ಅಸಲಿನ ಜೊತೆ ತಾಳೆ ನೋಡಿದಿರಾ? ಕಡತದ ಬೆರಳಚ್ಚಿನಂತಿರುವ ಶಾ-256 ಮೊತ್ತವನ್ನು ಕುಗ್ಗಿಸುವ ಮೊದಲೇ ತೆಗೆದಿಟ್ಟುಕೊಂಡಿದ್ದೀರಾ? ಅಸಲನ್ನು ಆಗಲೇ ಅಳಿಸಿಲ್ಲ ತಾನೇ?


ಮೀನುಮರಿ
ಭಾನುವಾರ, ಬೆಳಗ್ಗೆ 10:15

ಮೊತ್ತ ತೆಗೆದಿದ್ದೇನೆ ಸರ್. ರಾತ್ರಿಯೆಲ್ಲ ತಾಳೆ ನೋಡುವ ಪ್ರೋಗ್ರಾಂ ಓಡುತ್ತಿತ್ತು. ಹನ್ನೊಂದು ರಾತ್ರಿಗಳು ಸರಿಯಾಗಿ ಕೂತವು. ಹನ್ನೆರಡನೆಯದರಲ್ಲಿ ಒಂದೇ ಒಂದು ಸುತ್ತು ತಾಳೆಯಾಗಲಿಲ್ಲ. ಅಸಲನ್ನೇ ಮತ್ತೊಮ್ಮೆ ಓದಿಸಿ ಕುಗ್ಗಿಸಿದೆ, ಈಗ ಸರಿ ಬಂತು. ಅಸಲು ಇನ್ನೂ ಅಲ್ಲೇ ಇತ್ತು, ಪುಣ್ಯ.


ಹಳೇಟೇಪು
ಭಾನುವಾರ, ಬೆಳಗ್ಗೆ 10:22

ಮೊದಲ ಸಲ ಯಾವ ಡಿಸ್ಕಿನಿಂದ ಓದಿದ್ದು? ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಇವತ್ತೇ.